ಕೀಮೋ ಮಾತ್ರೆ ಮನೆಯಲ್ಲೇ ತೆಗೆದುಕೊಳ್ಳುವವರಿಗೆ: ಮೊದಲ ದಿನದಿಂದ ಉಳಿದ ಮಾತ್ರೆಯವರೆಗೆ

ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡೂ ಸೇರಿಸಿ ನುಂಗಬಹುದಾ? ನುಂಗಿದ ಹತ್ತು ನಿಮಿಷಕ್ಕೇ ವಾಂತಿಯಾಯಿತು, ಇನ್ನೊಂದು ತೆಗೆದುಕೊಳ್ಳಲಾ? ಮೈ ಸ್ವಲ್ಪ ಬಿಸಿ ಇದೆ, ಪ್ಯಾರಸಿಟಮಾಲ್ ಹಾಕಿಕೊಂಡು ಬೆಳಗಿನವರೆಗೆ ನೋಡಲಾ? ಕೀಮೋ ಮಾತ್ರೆ ಶುರುವಾದ ಮನೆಗಳಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಮೂರಕ್ಕೂ ಉತ್ತರ ‘ಬೇಡ’. ಯಾಕೆ ಬೇಡ, ಹಾಗಾದರೆ ಏನು ಮಾಡಬೇಕು ಅನ್ನುವುದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಒಂದು ತಪ್ಪು ತಿಳಿವಳಿಕೆ ಕಳೆಯಬೇಕು. ಡ್ರಿಪ್ ಹಾಕುವ ಕೀಮೋ ಜೋರು, ಮಾತ್ರೆಯದು ಮೆದು ಅಂದುಕೊಂಡವರು ಬಹಳ ಮಂದಿ. ಕರುಳು ಮತ್ತು ಸ್ತನ ಕ್ಯಾನ್ಸರ್‌ಗೆ ಕೊಡುವ ಕ್ಯಾಪೆಸಿಟಾಬಿನ್ ಮಾತ್ರೆಯನ್ನೇ ತೆಗೆದುಕೊಳ್ಳಿ. ಅದು ದೇಹದೊಳಗೆ ಹೋಗಿ 5-ಫ್ಲೂರೊಯುರಾಸಿಲ್ ಆಗಿ ಬದಲಾಗುತ್ತದೆ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಡ್ರಿಪ್‌ನಲ್ಲಿ ಏರಿಸುವುದೂ ಅದೇ ಔಷಧವನ್ನು. ಹೋಗುವ ದಾರಿ ಬೇರೆ, ಮಾಡುವ ಕೆಲಸ ಒಂದೇ.

ವ್ಯತ್ಯಾಸ ಇರುವುದು ಕಾವಲಿನಲ್ಲಿ. ಡ್ರಿಪ್ ಹಾಕುವ ದಿನ ಡಾಕ್ಟರು ರಕ್ತದ ರಿಪೋರ್ಟ್ ನೋಡುತ್ತಾರೆ, ಫಾರ್ಮಸಿಸ್ಟ್ ಪ್ರಮಾಣ ಲೆಕ್ಕ ಹಾಕುತ್ತಾರೆ, ನರ್ಸ್ ನಿಮ್ಮ ಹೆಸರು ಕೇಳಿ, ಬಾಟಲಿಯ ಮೇಲಿನ ಹೆಸರು ಓದಿ, ಆಮೇಲೆ ಸೂಜಿ ಚುಚ್ಚುತ್ತಾರೆ. ಮಾತ್ರೆ ಮನೆಗೆ ಬಂದರೆ ಈ ಅಷ್ಟೂ ಕೆಲಸ ನಿಮ್ಮ ಮತ್ತು ನಿಮ್ಮ ಮನೆಯವರ ಪಾಲಿಗೆ ಬರುತ್ತದೆ. ಮಾತ್ರೆ ಮರೆಯುವುದು ತಪ್ಪು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ತಪ್ಪು: ಮಾತ್ರೆ ನಿಲ್ಲಿಸಬೇಕಾದ ದಿನ ‘ನಿಲ್ಲಿಸಿದರೆ ಕ್ಯಾನ್ಸರ್ ಮತ್ತೆ ಬಂದೀತು’ ಎಂದು ಹಲ್ಲು ಕಚ್ಚಿ ನುಂಗುತ್ತಲೇ ಹೋಗುವುದು. ಹಾಗಾಗಿ ಏಳನೇ ಹಂತವನ್ನು ಮಾತ್ರ ದಯವಿಟ್ಟು ಎರಡು ಸಲ ಓದಿ.

ಇಲ್ಲಿ ‘ಕೀಮೋ ಮಾತ್ರೆ’ ಅಂದಾಗ ಕ್ಯಾನ್ಸರ್ ಕಣಗಳನ್ನು ನೇರವಾಗಿ ಕೊಲ್ಲುವ ಮಾತ್ರೆಗಳ ಜೊತೆಗೆ, ಇಮ್ಯಾಟಿನಿಬ್‌ನಂಥ ಟಾರ್ಗೆಟೆಡ್ ಔಷಧಗಳು, ಅಂದರೆ ಕ್ಯಾನ್ಸರ್ ಕಣದ ನಿರ್ದಿಷ್ಟ ಭಾಗಕ್ಕೆ ಗುರಿಯಿಡುವ ಔಷಧಗಳು, ಮತ್ತು ಅಬಿರಾಟೆರಾನ್‌ನಂಥ ಹಾರ್ಮೋನು ತಡೆಯುವ ಔಷಧಗಳೂ ಸೇರಿವೆ. ಮನೆಯಲ್ಲಿ ಪಾಲಿಸಬೇಕಾದ ಶಿಸ್ತು ಎಲ್ಲಕ್ಕೂ ಒಂದೇ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು: ಡಿಜಿಟಲ್ ಥರ್ಮಾಮೀಟರ್, ಒಂದು ನೋಟ್‌ಬುಕ್ ಅಥವಾ ದೊಡ್ಡ ಕ್ಯಾಲೆಂಡರ್, ಒಂದು ಪೊಟ್ಟಣ ಡಿಸ್ಪೋಸಬಲ್ ಗ್ಲೌಸ್, ಬೀಗ ಹಾಕಬಹುದಾದ ಡಬ್ಬಿ, ವಾಂತಿ ಮತ್ತು ಭೇದಿಗೆ ಡಾಕ್ಟರು ಬರೆದುಕೊಟ್ಟ ಮಾತ್ರೆ, ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದಾದ ಆಸ್ಪತ್ರೆಯ ಫೋನ್ ನಂಬರ್.

ಹಂತ 1: ಆಸ್ಪತ್ರೆಯಿಂದ ಹೊರಡುವ ಮುನ್ನ ಬರೆಸಿಕೊಳ್ಳಿ

ಬಾಯಿಮಾತಿನಲ್ಲಿ ಹೇಳಿದ್ದು ಮನೆ ತಲುಪುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಕಾಗದದ ಮೇಲೆ ಇಷ್ಟು ಇರಲೇಬೇಕು: ಔಷಧದ ಮೂಲ ಹೆಸರು, ಒಂದು ಹೊತ್ತಿಗೆ ಒಟ್ಟು ಎಷ್ಟು ಮಿ.ಗ್ರಾಂ, ದಿನಕ್ಕೆ ಎಷ್ಟು ಹೊತ್ತು, ಎಷ್ಟು ದಿನ ತೆಗೆದುಕೊಂಡು ಎಷ್ಟು ದಿನ ಬಿಡಬೇಕು, ಶುರುವಿನ ತಾರೀಕು, ನಿಲ್ಲಿಸುವ ತಾರೀಕು.

‘ಸೈಕಲ್’ ಎಂಬ ಮಾತು ನಿಮ್ಮ ಕಿವಿಗೆ ಪದೇ ಪದೇ ಬೀಳುತ್ತದೆ. ಮಾತ್ರೆಯ ದಿನಗಳೂ ಬಿಡುವಿನ ದಿನಗಳೂ ಸೇರಿದ ಒಂದು ಸುತ್ತು ಅದು. ಕ್ಯಾಪೆಸಿಟಾಬಿನ್ ಸಾಮಾನ್ಯವಾಗಿ 14 ದಿನ ತೆಗೆದುಕೊಂಡು 7 ದಿನ ಬಿಡುವ 21 ದಿನಗಳ ಸೈಕಲ್. ಮಿದುಳಿನ ಗಡ್ಡೆಗೆ ಕೊಡುವ ಟೆಮೊಜೊಲೊಮೈಡ್ ರೇಡಿಯೇಷನ್ ಮುಗಿದ ಮೇಲೆ ಸಾಮಾನ್ಯವಾಗಿ 28 ದಿನಕ್ಕೊಮ್ಮೆ 5 ದಿನ ಮಾತ್ರ. ಇಮ್ಯಾಟಿನಿಬ್‌ಗೆ ಬಿಡುವೇ ಇಲ್ಲ, ದಿನವೂ. ಪಕ್ಕದ ಬೆಡ್‌ನವರ ಲೆಕ್ಕ ನಿಮಗೆ ಹೊಂದುವುದಿಲ್ಲ. ಬಿಡುವಿನ ದಿನಗಳಲ್ಲಿ ಮಾತ್ರೆ ನುಂಗಿದರೆ ಅದು ಓವರ್‌ಡೋಸ್. ರಕ್ತಕಣಗಳೂ ಕರುಳಿನ ಒಳಪದರವೂ ಚೇತರಿಸಿಕೊಳ್ಳುವುದು ಆ ದಿನಗಳಲ್ಲೇ.

ಡಾಕ್ಟರನ್ನು ಕೇಳಲೇಬೇಕಾದ ಇನ್ನೊಂದು ಮಾತಿದೆ. ಕ್ಯಾಪೆಸಿಟಾಬಿನ್ ಕೊಡುವುದಾದರೆ ‘ಡಿಪಿಡಿ ಪರೀಕ್ಷೆ ಬೇಕಾ?’ ಎಂದು ಕೇಳಿ. ಡಿಪಿಡಿ ಅಂದರೆ ಈ ಔಷಧವನ್ನು ದೇಹದಲ್ಲಿ ಕರಗಿಸಿ ಹೊರಹಾಕುವ ಕಿಣ್ವ. ಹುಟ್ಟಿನಿಂದಲೇ ಕೆಲವರಲ್ಲಿ ಅದು ಕಡಿಮೆ ಇರುತ್ತದೆ, ತೀರ ಅಪರೂಪಕ್ಕೆ ಇರುವುದೇ ಇಲ್ಲ. ಅಂಥವರಿಗೆ ಮಾಮೂಲಿ ಪ್ರಮಾಣವೇ ಪ್ರಾಣಕ್ಕೆ ಎರವಾಗಬಹುದು. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಚಿಕಿತ್ಸೆಗೆ ಮುನ್ನವೇ ಈ ಪರೀಕ್ಷೆ ಮಾಡಿಸಬೇಕೆಂದು ಶಿಫಾರಸು ಮಾಡಿತು. ರಕ್ತದ ಕ್ಯಾನ್ಸರ್‌ಗೆ ಕೊಡುವ 6-ಮರ್ಕ್ಯಾಪ್ಟೊಪ್ಯೂರಿನ್‌ಗೂ ಇಂಥವೇ ಟಿಪಿಎಂಟಿ ಮತ್ತು ಎನ್‌ಯುಡಿಟಿ15 ಎಂಬ ಪರೀಕ್ಷೆಗಳಿವೆ. ಎರಡನೆಯದರ ದೋಷ ಏಷ್ಯಾದ ಜನರಲ್ಲಿ ಹೆಚ್ಚು ಕಾಣಿಸುತ್ತದೆ.

ಮೂತ್ರಪಿಂಡದ ತೊಂದರೆ, ನುಂಗಲು ಕಷ್ಟ, ಗರ್ಭಿಣಿಯಾಗಿರುವ ಸಾಧ್ಯತೆ, ಎದೆಹಾಲು ಕುಡಿಸುತ್ತಿರುವುದು, ಮುಂದೆ ಮಕ್ಕಳು ಬೇಕೆಂಬ ಆಸೆ, ಇವುಗಳಲ್ಲಿ ಯಾವುದಿದ್ದರೂ ಮೊದಲ ಮಾತ್ರೆಗೆ ಮುಂಚೆ ಹೇಳಿ. ಕೊನೆಯದನ್ನು ಹೇಳಲು ಸಂಕೋಚಪಟ್ಟು ಆಮೇಲೆ ಕೊರಗುವವರಿದ್ದಾರೆ. ಅಂಡಾಣು, ವೀರ್ಯ ಕಾಪಿಡುವ ಮಾತು ಚಿಕಿತ್ಸೆ ಶುರುವಾಗುವ ಮುನ್ನವೇ ಆಗಬೇಕು.

ಹಂತ 2: ಔಷಧದಂಗಡಿಯ ಕಟ್ಟೆಯಲ್ಲೇ ಎಣಿಸಿ

ಒಂದೇ ಔಷಧ ಬೇರೆ ಬೇರೆ ಶಕ್ತಿಯ ಮಾತ್ರೆಗಳಲ್ಲಿ ಬರುತ್ತದೆ. ಎಡವುವುದು ಇಲ್ಲೇ. ನಿಮಗೆ ಒಂದು ಹೊತ್ತಿಗೆ 1650 ಮಿ.ಗ್ರಾಂ ಕ್ಯಾಪೆಸಿಟಾಬಿನ್ ಬರೆದಿದ್ದಾರೆ ಅಂದುಕೊಳ್ಳಿ. 500ರ ಮಾತ್ರೆ ಮೂರು, 150ರದ್ದು ಒಂದು, ಒಟ್ಟು ನಾಲ್ಕು. ಮನೆಯಲ್ಲಿ ಯಾರೋ ‘ನಾಲ್ಕು ಮಾತ್ರೆ’ ಎಂದಷ್ಟೇ ನೆನಪಿಟ್ಟು 500ರದ್ದೇ ನಾಲ್ಕು ಕೊಟ್ಟರೆ 2000 ಮಿ.ಗ್ರಾಂ ಆಯಿತು. ದಿನಕ್ಕೆ ಎರಡು ಹೊತ್ತು, ಹದಿನಾಲ್ಕು ದಿನ ಹೀಗೇ ನಡೆದರೆ ಏನಾದೀತು ಯೋಚಿಸಿ.

ಟೆಮೊಜೊಲೊಮೈಡ್ ಕ್ಯಾಪ್ಸೂಲ್‌ಗಳಂತೂ 5, 20, 100, 140, 180, 250 ಮಿ.ಗ್ರಾಂ ಹೀಗೆ ಆರು ಬಗೆಯಲ್ಲಿವೆ. 260 ಬೇಕಾದರೆ 250ರ ಒಂದು, 5ರ ಎರಡು. ಹಾಗಾಗಿ ‘ಎಷ್ಟು ಮಾತ್ರೆ’ ಎಂದು ಬರೆದುಕೊಳ್ಳಬೇಡಿ. ‘ಯಾವ ಶಕ್ತಿಯದು ಎಷ್ಟು, ಒಟ್ಟು ಎಷ್ಟು ಮಿ.ಗ್ರಾಂ’ ಎಂದು ಬರೆಯಿರಿ. ಫಾರ್ಮಸಿಸ್ಟ್ ಎದುರಿಗೇ ಒಂದು ಹೊತ್ತಿನ ಮಾತ್ರೆಗಳನ್ನು ತೋರಿಸಲು ಹೇಳಿ, ಮಾತ್ರೆಯ ಸ್ಟ್ರಿಪ್‌ಗಳ ಫೋಟೋ ತೆಗೆದುಕೊಳ್ಳಿ. ಮುಂದಿನ ಸಲ ಬೇರೆ ಕಂಪನಿಯ ಮಾತ್ರೆ, ಬೇರೆ ಬಣ್ಣದ್ದು ಬಂದರೆ ನುಂಗುವ ಮುಂಚೆ ವಿಚಾರಿಸಿ.

ಮೆಥೊಟ್ರೆಕ್ಸೇಟ್ ಮಾತ್ರೆ ಬರೆದಿದ್ದರೆ ಇಲ್ಲಿ ಒಂದು ಕ್ಷಣ ನಿಲ್ಲಿ. ಮಾತ್ರೆಯ ರೂಪದಲ್ಲಿ ಇದನ್ನು ಬಹುತೇಕ ವಾರಕ್ಕೆ ಒಂದೇ ದಿನ ಕೊಡುತ್ತಾರೆ. ತಪ್ಪಿ ದಿನವೂ ನುಂಗಿ ಸತ್ತವರಿದ್ದಾರೆ. ಜಗತ್ತಿನಾದ್ಯಂತ ಪದೇ ಪದೇ ವರದಿಯಾಗುವ ಔಷಧ ದುರಂತಗಳಲ್ಲಿ ಇದೂ ಒಂದು. ವಾರದ ಯಾವ ದಿನ ಎಂಬುದನ್ನು ಪೂರ್ತಿ ಅಕ್ಷರಗಳಲ್ಲಿ, ಡಬ್ಬಿಯ ಮೇಲೆಯೇ ಬರೆಸಿ.

ಹಂತ 3: ಈಗಾಗಲೇ ತೆಗೆದುಕೊಳ್ಳುತ್ತಿರುವುದೆಲ್ಲ ಒಂದು ಪಟ್ಟಿಯಲ್ಲಿ

ಬಿಪಿ, ಸಕ್ಕರೆ, ಥೈರಾಯ್ಡ್ ಮಾತ್ರೆಗಳನ್ನು ಜನ ಹೇಳುತ್ತಾರೆ. ಗ್ಯಾಸ್ಟ್ರಿಕ್ ಮಾತ್ರೆ, ನೋವಿನ ಮಾತ್ರೆ, ವಿಟಮಿನ್, ಕಷಾಯದ ಪುಡಿ ಇವನ್ನು ‘ಔಷಧ’ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ತೊಂದರೆ ಕೊಡುವುದು ಅವೇ. ಕೆಲವು ಖಚಿತ ಉದಾಹರಣೆಗಳು:

ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆ ಕ್ಯಾಪೆಸಿಟಾಬಿನ್ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್‌ನ ಮಟ್ಟವನ್ನೂ ಅದು ಏರಿಸುತ್ತದೆ. ಫೋಲಿಕ್ ಆಸಿಡ್ ವಿಟಮಿನ್ ಅದರ ಅಡ್ಡಪರಿಣಾಮಗಳನ್ನು ಜೋರು ಮಾಡಬಹುದು. ‘ಶಕ್ತಿ ಬರಲಿ’ ಎಂದು ಮಲ್ಟಿವಿಟಮಿನ್ ತಂದುಕೊಡುವ ನೆಂಟರಿಗೆ ಇದು ಗೊತ್ತಿರುವುದಿಲ್ಲ. ಯೂರಿಕ್ ಆಸಿಡ್‌ಗೆ ಕೊಡುವ ಅಲೊಪ್ಯೂರಿನಾಲ್, 6-ಮರ್ಕ್ಯಾಪ್ಟೊಪ್ಯೂರಿನ್ ಕರಗುವುದನ್ನು ತಡೆಯುತ್ತದೆ. ಎರಡೂ ಬೇಕೇ ಆದರೆ ಮರ್ಕ್ಯಾಪ್ಟೊಪ್ಯೂರಿನ್ ಪ್ರಮಾಣವನ್ನು ಡಾಕ್ಟರು ಮೂರನೇ ಒಂದು ಅಥವಾ ನಾಲ್ಕನೇ ಒಂದು ಭಾಗಕ್ಕೆ ಇಳಿಸುತ್ತಾರೆ. ಮೆಥೊಟ್ರೆಕ್ಸೇಟ್ ಇರುವಾಗ ಕೋ-ಟ್ರೈಮೊಕ್ಸಜೋಲ್ ಎಂಬ ಆಂಟಿಬಯೋಟಿಕ್ ಮತ್ತು ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ಕೇಳದೆ ಮುಟ್ಟಬಾರದು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಗ್ಯಾಸ್ಟ್ರಿಕ್ ಮಾತ್ರೆಗಳು ಹೊಟ್ಟೆಯ ಆಮ್ಲ ಇಳಿಸುತ್ತವೆ, ಅದರಿಂದ ಡಾಸಾಟಿನಿಬ್, ಎರ್ಲೊಟಿನಿಬ್ ರಕ್ತಕ್ಕೆ ಸೇರುವುದೇ ಕಡಿಮೆಯಾಗುತ್ತದೆ. ಸಿಗರೇಟು ಕೂಡ ಎರ್ಲೊಟಿನಿಬ್ ಮಟ್ಟವನ್ನು ಇಳಿಸುತ್ತದೆ.

ಹಣ್ಣುಗಳಲ್ಲಿ ಗ್ರೇಪ್‌ಫ್ರೂಟ್ ಮತ್ತು ಅದರ ಹತ್ತಿರದ ಜಾತಿಯ ಚಕ್ಕೋತ ಬೇಡ. ದ್ರಾಕ್ಷಿಗೂ ಇದಕ್ಕೂ ಸಂಬಂಧವಿಲ್ಲ. ಇಮ್ಯಾಟಿನಿಬ್, ನಿಲೊಟಿನಿಬ್, ಲಪಾಟಿನಿಬ್‌ನಂಥ ಹಲವು ಮಾತ್ರೆಗಳನ್ನು ಕರಗಿಸುವ ಕಿಣ್ವವನ್ನು ಈ ಹಣ್ಣುಗಳು ಕಟ್ಟಿಹಾಕುತ್ತವೆ. ಔಷಧ ರಕ್ತದಲ್ಲಿ ಮಿತಿಮೀರಿ ಏರುತ್ತದೆ.

ಗಿಡಮೂಲಿಕೆ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ. ಅಡುಗೆಯಲ್ಲಿ ಬಳಸುವಷ್ಟಕ್ಕೆ ಹೆದರಬೇಡಿ. ಪುಡಿ, ಕ್ಯಾಪ್ಸೂಲ್, ಸಾರದ ರೂಪದಲ್ಲಿ ಬರುವುದನ್ನು ಚಿಕಿತ್ಸೆ ಮುಗಿಯುವವರೆಗೆ ಬದಿಗಿಡಿ. ಬಿಡಲು ಮನಸ್ಸಿಲ್ಲದಿದ್ದರೆ ಮುಚ್ಚಿಡಬೇಡಿ, ಡಾಕ್ಟರಿಗೆ ಹೇಳಿ. ಯಕೃತ್ತಿನ ರಿಪೋರ್ಟ್ ಏರಿದಾಗ ಕಾರಣ ಕೀಮೋನೋ ಕಷಾಯವೋ ಎಂದು ಗೊತ್ತಾಗದಿದ್ದರೆ ನಿಲ್ಲುವುದು ಕೀಮೋ.

ಲಸಿಕೆ ಹಾಕಿಸುವ ಮುನ್ನ, ಹಲ್ಲು ಕೀಳಿಸುವ ಮುನ್ನವೂ ಕ್ಯಾನ್ಸರ್ ಡಾಕ್ಟರನ್ನು ಕೇಳಿ. ಜೀವಂತ ರೋಗಾಣುವಿರುವ ಲಸಿಕೆಗಳು ಈ ಸಮಯದಲ್ಲಿ ಬೇಡ.

ಹಂತ 4: ಇಡುವುದು, ಮುಟ್ಟುವುದು

ಬಚ್ಚಲಿನ ಹತ್ತಿರ, ಒಲೆಯ ಹತ್ತಿರ, ಕಿಟಕಿಯ ಬಿಸಿಲಿಗೆ ಇಡಬೇಡಿ. ಬಂದ ಡಬ್ಬಿಯಲ್ಲೇ ಅಥವಾ ಸ್ಟ್ರಿಪ್‌ನಲ್ಲೇ ಇರಲಿ. ಫ್ರಿಜ್ ಎಲ್ಲಕ್ಕೂ ಬೇಡ. ಮೆಲ್ಫಲಾನ್, ಕ್ಲೋರಾಂಬುಸಿಲ್‌ನಂಥ ಕೆಲವಕ್ಕೆ ಮಾತ್ರ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು. ಅವನ್ನು ಮುಚ್ಚಿದ ಡಬ್ಬಿಯೊಳಗಿಟ್ಟು, ಆಹಾರಕ್ಕೆ ತಾಗದಂತೆ, ಮಕ್ಕಳ ಕೈಗೆ ಸಿಗದಂತೆ ಇಡಿ. ವಾರದ ಖಾನೆಗಳಿರುವ ಮಾತ್ರೆ ಡಬ್ಬಿಯಲ್ಲಿ ಬೇರೆ ಮಾತ್ರೆಗಳ ಜೊತೆ ಕೀಮೋ ಮಾತ್ರೆ ಬೆರೆಸಬೇಡಿ. ಒಂದರ ಪುಡಿ ಇನ್ನೊಂದಕ್ಕೆ ಹತ್ತುತ್ತದೆ, ಆ ಡಬ್ಬಿಯನ್ನು ಮನೆಯ ಬೇರೆಯವರೂ ಮುಟ್ಟುತ್ತಾರೆ.

ಮಾತ್ರೆ ಮುರಿಯಬಾರದು, ಅರೆಯಬಾರದು, ಅಗಿಯಬಾರದು. ಕ್ಯಾಪ್ಸೂಲ್ ಬಿಚ್ಚಬಾರದು. ಕೀಮೋ ಔಷಧ ಬೆಳೆಯುವ ಕಣಗಳನ್ನೆಲ್ಲ ಹೊಡೆಯುತ್ತದೆ, ಅದರ ಧೂಳು ಚರ್ಮ ಮತ್ತು ಉಸಿರಿನ ಮೂಲಕ ಆರೋಗ್ಯವಂತರ ದೇಹಕ್ಕೂ ಸೇರುತ್ತದೆ. ನುಂಗಲಾಗದಿದ್ದರೆ ಅದಕ್ಕೆ ದಾರಿಗಳಿವೆ. ಉದಾಹರಣೆಗೆ, ಇಮ್ಯಾಟಿನಿಬ್ ಮಾತ್ರೆಯನ್ನು ಒಂದು ಲೋಟ ನೀರಲ್ಲಿ ಕದಡಿ ಕುಡಿಯಲು ಅವಕಾಶವಿದೆ. ಆದರೆ ಯಾವುದಕ್ಕೆ ಸರಿ, ಯಾವುದಕ್ಕೆ ಅಲ್ಲ ಎಂದು ಫಾರ್ಮಸಿಸ್ಟ್ ಹೇಳಬೇಕು.

ರೋಗಿ ತಾನೇ ನುಂಗುವುದಾದರೆ ಗ್ಲೌಸ್ ಬೇಕಿಲ್ಲ. ಮಾತ್ರೆಯನ್ನು ಡಬ್ಬಿಯ ಮುಚ್ಚಳಕ್ಕೋ ಸಣ್ಣ ಬಟ್ಟಲಿಗೋ ಹಾಕಿಕೊಂಡು ನೇರ ಬಾಯಿಗೆ ಹಾಕಿ, ಆಮೇಲೆ ಸೋಪಿನಿಂದ ಕೈ ತೊಳೆದರೆ ಸಾಕು. ಬೇರೆಯವರು ಕೊಡುವುದಾದರೆ ಗ್ಲೌಸ್ ಹಾಕಿಕೊಳ್ಳಲಿ, ಕಳಚಿದ ಮೇಲೂ ಕೈ ತೊಳೆಯಲಿ. ಗರ್ಭಿಣಿಯರು, ಎದೆಹಾಲು ಕುಡಿಸುವವರು, ಮಕ್ಕಳು ಮುಟ್ಟುವುದೇ ಬೇಡ.

ಹಂತ 5: ನುಂಗುವ ಹೊತ್ತು

‘ಊಟದ ಮುಂಚೆ’, ‘ಊಟದ ನಂತರ’ ಎಂಬುದು ಬೇರೆ ಮಾತ್ರೆಗಳಲ್ಲಿ ಹೊಟ್ಟೆ ಉರಿ ತಪ್ಪಿಸುವ ಸಲಹೆ ಇರಬಹುದು. ಇಲ್ಲಿ ರಕ್ತಕ್ಕೆ ಎಷ್ಟು ಔಷಧ ಸೇರುತ್ತದೆ ಎಂಬುದನ್ನೇ ಅದು ತೀರ್ಮಾನಿಸುತ್ತದೆ. ಅಬಿರಾಟೆರಾನ್ ಖಾಲಿ ಹೊಟ್ಟೆಯ ಔಷಧ: ಊಟವಾಗಿ ಕನಿಷ್ಠ 2 ಗಂಟೆ ಕಳೆದಿರಬೇಕು, ನುಂಗಿದ ಮೇಲೆ ಕನಿಷ್ಠ 1 ಗಂಟೆ ಏನೂ ತಿನ್ನಬಾರದು. ಜಿಡ್ಡಿನ ಊಟದ ಜೊತೆ ನುಂಗಿದರೆ ರಕ್ತ ಸೇರುವ ಪ್ರಮಾಣ ಸುಮಾರು 10 ಪಟ್ಟು ಏರಬಹುದು. ನಿಲೊಟಿನಿಬ್‌ಗೂ ಇದೇ ಅಂತರ.

ಕ್ಯಾಪೆಸಿಟಾಬಿನ್ ಇದಕ್ಕೆ ತದ್ವಿರುದ್ಧ: ಬೆಳಗ್ಗೆ ಮತ್ತು ಸಂಜೆ, ಸುಮಾರು 12 ಗಂಟೆ ಅಂತರದಲ್ಲಿ, ಊಟವಾದ 30 ನಿಮಿಷದೊಳಗೆ ನೀರಿನ ಜೊತೆ. ಇಮ್ಯಾಟಿನಿಬ್ ಊಟದ ಜೊತೆಗೆ, ದೊಡ್ಡ ಲೋಟ ನೀರಿನಲ್ಲಿ. ಟೆಮೊಜೊಲೊಮೈಡ್ ಖಾಲಿ ಹೊಟ್ಟೆಯಲ್ಲಿ, ಮಲಗುವ ಹೊತ್ತಿಗೆ ತೆಗೆದುಕೊಂಡರೆ ವಾಕರಿಕೆ ಕಡಿಮೆ. ವಾಂತಿ ತಡೆಯುವ ಮಾತ್ರೆಯನ್ನು ಅದಕ್ಕೂ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ನುಂಗುವುದು ರೂಢಿ. ಸೈಕ್ಲೊಫಾಸ್ಫಮೈಡ್ ಮಾತ್ರೆ ಬೆಳಗ್ಗೆಯೇ ಆಗಬೇಕು, ದಿನವಿಡೀ ನೀರು ಚೆನ್ನಾಗಿ ಕುಡಿಯಬೇಕು, ಮಲಗುವ ಮುನ್ನ ಮೂತ್ರ ಮಾಡಬೇಕು. ಅದು ಕರಗಿದಾಗ ಹುಟ್ಟುವ ವಸ್ತು ಮೂತ್ರಕೋಶದಲ್ಲಿ ಹೆಚ್ಚು ಹೊತ್ತು ನಿಂತರೆ ಒಳಗೋಡೆ ಸುಟ್ಟು ರಕ್ತ ಬರಬಹುದು.

ಫೋನಿನ ಅಲಾರಂ ಒಳ್ಳೆಯದು, ಆದರೆ ಸಾಲದು. ಅಲಾರಂ ಆರಿಸಿ ಮರೆಯುವುದು ಎಲ್ಲರಿಗೂ ಆಗುವಂಥದ್ದು. ನುಂಗಿದ ಮೇಲೆ, ಮುಂಚೆ ಅಲ್ಲ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ‘ಬೆಳಗ್ಗೆ ತೆಗೆದುಕೊಂಡೆನಾ ಇಲ್ವಾ’ ಎಂಬ ಅನುಮಾನ ಬಂದು, ಗುರುತು ನೋಡಿ, ಮಾತ್ರೆ ಎಣಿಸಿದರೂ ಸ್ಪಷ್ಟವಾಗದಿದ್ದರೆ ಮತ್ತೆ ನುಂಗಬೇಡಿ.

ಹಂತ 6: ಮರೆತರೆ, ವಾಂತಿಯಾದರೆ, ಹೆಚ್ಚಾದರೆ

ಮರೆತ ಮಾತ್ರೆಯನ್ನು ಮುಂದಿನದರ ಜೊತೆ ಸೇರಿಸಿ ಎಂದೂ ನುಂಗಬಾರದು. ಕ್ಯಾಪೆಸಿಟಾಬಿನ್ ಆದರೆ ಆ ಹೊತ್ತನ್ನು ಬಿಟ್ಟುಬಿಡಿ, ಮುಂದಿನ ಹೊತ್ತಿಗೆ ಮಾಮೂಲಿನಷ್ಟೇ. ಸೈಕಲ್‌ನ ಕೊನೆಗೆ ಉಳಿದ ಮಾತ್ರೆಯನ್ನು ಬಿಡುವಿನ ವಾರಕ್ಕೆ ಎಳೆಯಲೂಬಾರದು. ಲೆನಾಲಿಡೊಮೈಡ್‌ಗೆ ನಿಯಮ ಬೇರೆ: ಮಾಮೂಲಿ ಸಮಯ ದಾಟಿ 12 ಗಂಟೆ ಆಗಿಲ್ಲದಿದ್ದರೆ ತೆಗೆದುಕೊಳ್ಳಬಹುದು, ಆಗಿದ್ದರೆ ಬಿಡಬೇಕು. ನಿಮ್ಮ ಮಾತ್ರೆಯ ನಿಯಮ ಯಾವುದು ಎಂದು ಮೊದಲ ದಿನವೇ ಕೇಳಿ ಬರೆದುಕೊಳ್ಳಿ.

ವಾಂತಿಯಲ್ಲಿ ಮಾತ್ರೆ ಕಣ್ಣಿಗೆ ಬಿದ್ದರೂ ಇನ್ನೊಂದು ನುಂಗಬೇಡಿ. ಎಷ್ಟು ಕರಗಿ ಒಳಗೆ ಹೋಗಿದೆ ಎಂದು ಹೊರಗಿನಿಂದ ಅಳೆಯಲಾಗದು. ಸಮಯ ಬರೆದಿಟ್ಟು, ಆಸ್ಪತ್ರೆಗೆ ತಿಳಿಸಿ, ಮುಂದಿನ ಹೊತ್ತಿಗೆ ಕಾಯಿರಿ.

ತಪ್ಪಿ ಹೆಚ್ಚು ನುಂಗಿದ್ದರೆ, ಅಥವಾ ಮಗುವೊಂದು ನುಂಗಿದ್ದರೆ, ಲಕ್ಷಣಕ್ಕಾಗಿ ಕಾಯಬೇಡಿ. ಕೀಮೋದ ಪೆಟ್ಟು ಕಾಣಿಸಿಕೊಳ್ಳಲು ದಿನಗಳೇ ಹಿಡಿಯುತ್ತವೆ. ಕ್ಯಾಪೆಸಿಟಾಬಿನ್ ಅತಿಯಾದರೆ ಯುರಿಡಿನ್ ಟ್ರೈಅಸಿಟೇಟ್ ಎಂಬ ಪ್ರತ್ಯೌಷಧವಿದೆ, ಆದರೆ ಕೊನೆಯ ಮಾತ್ರೆ ನುಂಗಿದ 96 ಗಂಟೆಯೊಳಗೆ ಶುರುವಾಗಬೇಕು, ಎಲ್ಲೆಡೆ ಸುಲಭವಾಗಿ ಸಿಗುವಂಥದ್ದೂ ಅಲ್ಲ. ಮೆಥೊಟ್ರೆಕ್ಸೇಟ್‌ಗೆ ಫೋಲಿನಿಕ್ ಆಸಿಡ್ ಇದೆ, ಅದೂ ಬೇಗ ಕೊಟ್ಟಷ್ಟು ಒಳ್ಳೆಯದು. ಡಬ್ಬಿ, ಸ್ಟ್ರಿಪ್ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಿ.

ಹಂತ 7: ಯಾವಾಗ ನಿಲ್ಲಿಸಬೇಕು, ಯಾವಾಗ ಓಡಬೇಕು

ಜ್ವರದಿಂದ ಶುರು ಮಾಡುತ್ತೇನೆ. ಕೀಮೋ ನಡೆಯುವಾಗ ನ್ಯೂಟ್ರೋಫಿಲ್, ಅಂದರೆ ಸೋಂಕಿನ ವಿರುದ್ಧ ಮೊದಲು ನುಗ್ಗುವ ಬಿಳಿ ರಕ್ತಕಣಗಳು, ಕುಸಿಯಬಹುದು. ಆಗ ಬರುವ ಸೋಂಕಿಗೆ ಕೆಮ್ಮು, ಕೀವು, ಊತ ಯಾವ ಗುರುತೂ ಇಲ್ಲದಿರಬಹುದು. ಕೀವು ಕಟ್ಟಲೂ ಆ ಕಣಗಳೇ ಬೇಕಲ್ಲ. ಉಳಿಯುವ ಒಂದೇ ಸುಳಿವು ಜ್ವರ. ಹಾಗಾಗಿ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ನಡುರಾತ್ರಿಯಾದರೂ ಫೋನ್ ಮಾಡಿ ಹೊರಡಬೇಕು. ಪ್ಯಾರಸಿಟಮಾಲ್ ನುಂಗಿದರೆ ಜ್ವರ ಇಳಿಯುತ್ತದೆ, ಸೋಂಕು ಇಳಿಯುವುದಿಲ್ಲ. ಇದ್ದ ಒಂದು ಸುಳಿವನ್ನೂ ಅಳಿಸಿದಂತಾಗುತ್ತದೆ. ಮೊದಲು ಅಳೆಯಿರಿ, ಫೋನ್ ಮಾಡಿ, ಹೇಳಿದರೆ ಮಾತ್ರ ನುಂಗಿ. ಜ್ವರವೇ ಇಲ್ಲದೆ ಗಡಗಡ ನಡುಕ ಬಂದರೂ ಇದೇ ನಿಯಮ. ಸ್ಟೆರಾಯ್ಡ್ ತೆಗೆದುಕೊಳ್ಳುವವರಲ್ಲಿ, ವಯಸ್ಸಾದವರಲ್ಲಿ ಸೋಂಕಿದ್ದರೂ ಮೈ ಬಿಸಿಯಾಗದಿರಬಹುದು.

ತುರ್ತು ಚಿಕಿತ್ಸಾ ಘಟಕಕ್ಕೆ ಕಾಲಿಟ್ಟಾಗ ನಿಮ್ಮ ಮೊದಲ ವಾಕ್ಯ ‘ಜ್ವರ ಇದೆ’ ಎಂದಾಗದಿರಲಿ. ‘ಕೀಮೋ ಮಾತ್ರೆ ನಡೀತಿದೆ, ಈಗ ಜ್ವರ ಬಂದಿದೆ’ ಎಂದಾಗಲಿ. ಕೂದಲು ಉದುರಿಲ್ಲ, ಕೈಯಲ್ಲಿ ಡ್ರಿಪ್‌ನ ಗುರುತಿಲ್ಲ ಎಂದಾಗ ಎದುರಿಗಿರುವವರಿಗೆ ಕೀಮೋ ಅಂದಾಜೇ ಆಗದು, ಸರದಿಯಲ್ಲಿ ಕೂರಿಸಿಬಿಡಬಹುದು. ಇಂಥವರಿಗೆ ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಏರಬೇಕೆಂಬುದು ಗುರಿ. ಔಷಧದ ಹೆಸರು, ಈ ಸೈಕಲ್ ಶುರುವಾದ ತಾರೀಕು ಬರೆದ ಚೀಟಿ ಪರ್ಸಿನಲ್ಲೇ ಇರಲಿ.

ಇನ್ನು ಮಾತ್ರೆ ನಿಲ್ಲಿಸುವ ಮಾತು. ಮೇಲಿನ ಜ್ವರದ ಜೊತೆಗೆ, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಹೊತ್ತಿನ ಕೀಮೋ ಮಾತ್ರೆ ನುಂಗದೆ ಅಲ್ಲಿಗೇ ತಡೆದು, ಕೂಡಲೇ ಫೋನ್ ಮಾಡಿ:

- ಮಾಮೂಲಿಗಿಂತ ದಿನಕ್ಕೆ 4 ಅಥವಾ ಹೆಚ್ಚು ಸಲ ಭೇದಿ, ಅಥವಾ ರಾತ್ರಿ ನಿದ್ದೆಯಿಂದೆಬ್ಬಿಸುವ ಭೇದಿ
- ಕುಡಿದ ನೀರೂ ನಿಲ್ಲದಂಥ ವಾಂತಿ
- ಊಟ ಮಾಡಲಾಗದಷ್ಟು ಬಾಯಿಹುಣ್ಣು
- ಅಂಗೈ, ಅಂಗಾಲು ಕೆಂಪಾಗಿ, ಊದಿ, ನಡೆಯಲು ಅಥವಾ ಗುಂಡಿ ಹಾಕಿಕೊಳ್ಳಲು ಆಗದಷ್ಟು ನೋವು
- ನಿಲ್ಲದ ರಕ್ತಸ್ರಾವ, ಟಾರಿನಂತೆ ಕಪ್ಪಾದ ಮಲ
- ಕಣ್ಣು ಹಳದಿಯಾಗುವುದು

ಎದೆನೋವು, ಉಸಿರಾಟದ ತೊಂದರೆ, ಒಂದೇ ಕಾಲು ಊದಿಕೊಳ್ಳುವುದು ಇವಕ್ಕೆ ಫೋನ್ ಮಾಡುತ್ತಾ ಕೂರಬೇಡಿ, ಮಾತ್ರೆ ನಿಲ್ಲಿಸಿ ನೇರ ಆಸ್ಪತ್ರೆಗೆ ಹೊರಡಿ. ಕ್ಯಾಪೆಸಿಟಾಬಿನ್ ಹೃದಯದ ರಕ್ತನಾಳಗಳನ್ನು ಹಿಂಡುವುದುಂಟು, ಹೃದ್ರೋಗದ ಇತಿಹಾಸವೇ ಇಲ್ಲದವರಲ್ಲೂ. ಲೆನಾಲಿಡೊಮೈಡ್‌ನಂಥವು ರಕ್ತ ಹೆಪ್ಪುಗಟ್ಟಿಸಬಹುದು.

ನಿಲ್ಲಿಸಲು ಹೆದರುವವರಿಗೆ ಹೇಳಬೇಕಾದದ್ದು ಇಷ್ಟು. ಭೇದಿಯಾಗುತ್ತಿದ್ದಾಗ ಕ್ಯಾಪೆಸಿಟಾಬಿನ್ ತಡೆದು, ಹೊಟ್ಟೆ ಸರಿಹೋದ ಮೇಲೆ ಅದೇ ಪ್ರಮಾಣದಲ್ಲೋ ಇಳಿಸಿಯೋ ಮುಂದುವರಿಸುವುದು ಚಿಕಿತ್ಸೆ ಕೈಬಿಟ್ಟಂತೆ ಅಲ್ಲ. ಆ ಔಷಧದ ಚಿಕಿತ್ಸಾ ಕ್ರಮದಲ್ಲೇ ಅದು ಇದೆ. ಹಾಗೆ ತಪ್ಪಿದ ಹೊತ್ತುಗಳನ್ನು ಆಮೇಲೆ ತುಂಬಿಕೊಡುವುದೂ ಇಲ್ಲ. ತಡೆಯದೆ ಹೋದರೆ ನೀರು ಬತ್ತಿ, ಮೂತ್ರಪಿಂಡ ಸೋತು, ಔಷಧ ಹೊರಹೋಗದೆ ರಕ್ತದಲ್ಲಿ ಇನ್ನಷ್ಟು ಉಳಿದು, ಭೇದಿ ಮತ್ತಷ್ಟು ಜೋರಾಗುವ ಸುಳಿಗೆ ಸಿಕ್ಕಿಬೀಳುತ್ತೀರಿ. ಆಮೇಲೆ ತಪ್ಪುವುದು ಎರಡು ಹೊತ್ತಿನ ಮಾತ್ರೆಯಲ್ಲ, ವಾರಗಟ್ಟಲೆ ಚಿಕಿತ್ಸೆ.

ಹಾಗೆಂದು ಸಣ್ಣಪುಟ್ಟ ಸುಸ್ತಿಗೆ ನೀವೇ ನಿಲ್ಲಿಸುವುದೂ ಸರಿಯಲ್ಲ. ಇಮ್ಯಾಟಿನಿಬ್‌ನಂಥ ದಿನನಿತ್ಯದ ಮಾತ್ರೆಯನ್ನು ತಿಂಗಳಲ್ಲಿ ಹಲವು ದಿನ ತಪ್ಪಿಸುತ್ತಾ ಹೋದರೆ ರೋಗ ಹತೋಟಿ ತಪ್ಪುತ್ತದೆ. ಮೇಲಿನ ಪಟ್ಟಿಯಲ್ಲಿ ಇರುವುದಕ್ಕೆ ಮೊದಲು ತಡೆದು ಆಮೇಲೆ ಫೋನ್. ಇಲ್ಲದ್ದಕ್ಕೆ ಮೊದಲು ಫೋನ್, ಅವರು ಹೇಳಿದರೆ ಮಾತ್ರ ತಡೆ. ಅಬಿರಾಟೆರಾನ್ ಜೊತೆ ಕೊಡುವ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡನ್ನು ಮಾತ್ರ ಯಾವ ಕಾರಣಕ್ಕೂ ಸ್ವಂತ ತೀರ್ಮಾನದಿಂದ ಥಟ್ಟನೆ ನಿಲ್ಲಿಸಬೇಡಿ.

ಕೈಕಾಲಿನ ತೊಂದರೆಯನ್ನು ಕೆಂಪಾಗುವ ಮೊದಲೇ ಹಿಡಿಯಬಹುದು. ಮೊದಲಿಗೆ ಬೆರಳ ತುದಿಯಲ್ಲಿ ಜುಮುಜುಮು, ಬಿಸಿಪಾತ್ರೆ ಮುಟ್ಟಿದರೆ ಮಾಮೂಲಿಗಿಂತ ಹೆಚ್ಚು ಉರಿ. ಶುರುವಿನ ದಿನದಿಂದಲೇ ಯೂರಿಯಾ ಇರುವ ಕ್ರೀಮು ಸವರಿ, ಬಿಗಿ ಚಪ್ಪಲಿ ಬಿಡಿ, ಸುಡುಸುಡು ನೀರು ಬಿಟ್ಟು ಉಗುರುಬೆಚ್ಚಗಿನದು ಬಳಸಿ, ಪಾತ್ರೆ ಉಜ್ಜುವ, ಬಟ್ಟೆ ಹಿಂಡುವ ಕೆಲಸ ಇನ್ನೊಬ್ಬರಿಗೆ ಬಿಡಿ. ಬೆರಳಚ್ಚು ಮಾಸಿ ಬಯೋಮೆಟ್ರಿಕ್ ಯಂತ್ರ ಗುರುತಿಸದೆ ಹೋಗುವುದೂ ಕ್ಯಾಪೆಸಿಟಾಬಿನ್‌ನಲ್ಲಿ ಉಂಟು. ಬ್ಯಾಂಕ್ ಕೆಲಸ, ಪ್ರಯಾಣ ಇದ್ದರೆ ಡಾಕ್ಟರಿಂದ ಪತ್ರ ಬರೆಸಿಟ್ಟುಕೊಳ್ಳಿ.

ಬಾಯಿಗೆ ಮೆತ್ತನೆಯ ಬ್ರಷ್, ಉಪ್ಪು ಅಥವಾ ಅಡುಗೆ ಸೋಡಾ ಕರಗಿಸಿದ ನೀರಿನಿಂದ ದಿನಕ್ಕೆ ಹಲವು ಸಲ ಮುಕ್ಕಳಿಕೆ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ.

ಹಂತ 8: ಮನೆಯ ಉಳಿದವರು

ಅಪ್ಪಿಕೊಳ್ಳುವುದು, ಜೊತೆಗೆ ಊಟ ಮಾಡುವುದು, ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಯಾವುದಕ್ಕೂ ಅಡ್ಡಿಯಿಲ್ಲ. ಬೇರೆ ಕೋಣೆ, ಬೇರೆ ತಟ್ಟೆ ಎಂದು ದೂರ ಇಡಬೇಡಿ, ದೂರ ಇಟ್ಟರೆ ಒಪ್ಪಲೂಬೇಡಿ.

ಎಚ್ಚರ ಬೇಕಾದದ್ದು ಮಲ, ಮೂತ್ರ, ವಾಂತಿಯ ವಿಷಯದಲ್ಲಿ. ಮಾತ್ರೆಯ ದಿನಗಳಲ್ಲಿ ಮತ್ತು ಕೊನೆಯ ಮಾತ್ರೆಯ ನಂತರ ಕನಿಷ್ಠ 48 ಗಂಟೆ ಅವುಗಳಲ್ಲಿ ಔಷಧದ ಅಂಶ ಇರುತ್ತದೆ. ಟಾಯ್ಲೆಟ್‌ಗೆ ಮುಚ್ಚಳವಿದ್ದರೆ ಮುಚ್ಚಿ, ಎರಡು ಸಲ ನೀರು ಬಿಡಿ. ಕೊಳೆಯಾದ ಬಟ್ಟೆ, ಹಾಸಿಗೆ ಹೊದಿಕೆಯನ್ನು ಗ್ಲೌಸ್ ಹಾಕಿಕೊಂಡು ತೆಗೆದು ಬೇರೆಯಾಗಿ ಒಗೆಯಿರಿ.

ದಂಪತಿಗಳಿಗೆ: ಈ ದಿನಗಳಲ್ಲಿ ಕಾಂಡೋಮ್ ಬಳಸಿ. ಮುಟ್ಟು ನಿಂತಿದೆ ಎಂದು ಗರ್ಭ ನಿಲ್ಲದು ಎಂದುಕೊಳ್ಳಬೇಡಿ. ಕ್ಯಾಪೆಸಿಟಾಬಿನ್, ಟೆಮೊಜೊಲೊಮೈಡ್ ಎರಡಕ್ಕೂ ಕೊನೆಯ ಮಾತ್ರೆಯ ನಂತರ ಮಹಿಳೆಯರು 6 ತಿಂಗಳು, ಪುರುಷರು 3 ತಿಂಗಳು ಗರ್ಭನಿರೋಧಕ ಬಳಸಬೇಕು. ಲೆನಾಲಿಡೊಮೈಡ್ ಇನ್ನೂ ಕಟ್ಟುನಿಟ್ಟು. ಅದು 1957ರಿಂದ 1961ರ ನಡುವೆ ಬಸಿರಿನ ವಾಕರಿಕೆಗೆಂದು ಮಾರಾಟವಾಗಿ ಸಾವಿರಾರು ಮಕ್ಕಳ ಕೈಕಾಲು ಕುಂಠಿತಗೊಳಿಸಿದ ಥಾಲಿಡೊಮೈಡ್‌ನ ಸಂಬಂಧಿ. ತೆಗೆದುಕೊಳ್ಳುವವರು ರಕ್ತದಾನವನ್ನೂ ಮಾಡಬಾರದು.

ಹಂತ 9: ಮುಂದಿನ ಸೈಕಲ್‌ಗೆ ಮುನ್ನ, ಮತ್ತು ಉಳಿದ ಮಾತ್ರೆ

ಹೊಸ ಸೈಕಲ್‌ನ ಮಾತ್ರೆ ಕೈಯಲ್ಲಿದೆ ಎಂದ ಮಾತ್ರಕ್ಕೆ ಶುರು ಮಾಡುವಂತಿಲ್ಲ. ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ ಆಗಿ, ರಿಪೋರ್ಟ್ ನೋಡಿದವರು ‘ಶುರು ಮಾಡಿ’ ಎನ್ನಬೇಕು. ತೂಕ ಹೆಚ್ಚು ಇಳಿದಿದ್ದರೆ ಹೇಳಿ. ಹಲವು ಮಾತ್ರೆಗಳ ಪ್ರಮಾಣ ಎತ್ತರ ಮತ್ತು ತೂಕದಿಂದ ಲೆಕ್ಕ ಹಾಕಿದ್ದು. ಕ್ಯಾಲೆಂಡರ್ ಮತ್ತು ಉಳಿದ ಮಾತ್ರೆಗಳನ್ನು ಜೊತೆಗೆ ಒಯ್ಯಿರಿ. ತಪ್ಪಿದ ಹೊತ್ತುಗಳನ್ನು ಬೈಗುಳದ ಭಯಕ್ಕೆ ಮುಚ್ಚಿಟ್ಟರೆ ಡಾಕ್ಟರು ‘ಈ ಪ್ರಮಾಣ ಸಾಲದು’ ಎಂದು ಏರಿಸಬಹುದು, ಅಥವಾ ಔಷಧವನ್ನೇ ಬದಲಿಸಬಹುದು.

ಪ್ರಮಾಣ ಬದಲಾದಾಗ ಹಳೆಯ ಕಾಗದ ಹರಿದುಹಾಕಿ, ಹಳೆಯ ಅಲಾರಂ ತೆಗೆದುಹಾಕಿ, ಎರಡನೇ ಹಂತದ ಲೆಕ್ಕವನ್ನು ಮೊದಲಿಂದ ಮಾಡಿ. ಉಳಿದ ಮಾತ್ರೆ ಕಸದ ಬುಟ್ಟಿಗೂ ಬೇಡ, ಟಾಯ್ಲೆಟ್‌ಗೂ ಬೇಡ. ಅದೇ ಕಾಯಿಲೆಯ ಇನ್ನೊಬ್ಬರಿಗೆ ಕೊಡುವುದು ಒಳ್ಳೆಯ ಮನಸ್ಸಿನದ್ದೇ ಆದರೂ ಅಪಾಯ, ಅವರ ಪ್ರಮಾಣ ಬೇರೆ. ಮುಚ್ಚಿದ ಡಬ್ಬಿಯಲ್ಲಿ ಹಾಕಿ ಕೊಟ್ಟ ಆಸ್ಪತ್ರೆ ಅಥವಾ ಫಾರ್ಮಸಿಗೆ ವಾಪಸ್ ಕೊಡಿ, ಕೈ ತೊಳೆಯಿರಿ.